ನಮ್ಮ ಹಳ್ಳದಲ್ಲಿ ಅರಿಶಿಣ ಕೆಂಪಾದದ್ದು

ನಮ್ಮೂರಿನಲ್ಲಿ ಬೆಳಿಗ್ಗೆ ಎಲ್ಲರನ್ನೂ ಎಬ್ಬಿಸುವುದು ಕೋಳಿಯಲ್ಲ, ನಾನು. ಅಂದರೆ ನನ್ನ ದನಿ. ಪಂಚಾಯಿತಿಯ ಕಸದ ಗಾಡಿಯ ತಲೆಗೆ ಕಟ್ಟಿದ ಸ್ಪೀಕರಿನಲ್ಲಿ ‘ತಾಯಂದಿರೇ, ಅಕ್ಕಂದಿರೇ, ಹಸಿ ಕಸ ಬೇರೆ ಇಡಿ, ಒಣ ಕಸ ಬೇರೆ ಇಡಿ’ ಎಂದು ಮಂತ್ರಿಯ ಗತ್ತಿನಲ್ಲಿ ಹೇಳುವ ಗಂಡಸು ನಾನೇ. ಗಾಡಿ ನಮ್ಮ ಓಣಿಗೆ ಬರುವ ಹೊತ್ತಿಗೆ ಆ ಗಂಡಸು ಕೌದಿ ಹೊದ್ದು ಮಲಗಿರುತ್ತಾನೆ. ಅವ್ವ ಬಂದು ಕೌದಿ ಎಳೆಯುತ್ತಾಳೆ.

“ಹೊರಗ ನಿನ್ನ ದನಿ ಊರಿಗೆಲ್ಲಾ ಬುದ್ಧಿ ಹೇಳಾಕತ್ತೈತಿ. ಅದಕ್ಕಿರೋ ನಾಚಿಕಿ ನಿನಗ ಇಲ್ಲಲ್ಲೋ. ಏಳು, ರಾತ್ರಿ ಉಂಡ ಗಂಗಾಳ ತೊಳಿ.”

ಮಿಮಿಕ್ರಿ ನನ್ನ ಕಸುಬು. ಗಂಗಾವತಿ ಕಡೆಯ ಭತ್ತದ ಊರುಗಳ ಮದುವೆಗಳಲ್ಲಿ ಅರ್ಧ ತೆಲುಗು ಅರ್ಧ ಕನ್ನಡ ಮಾತಾಡುವ ಬೀಗರ ದನಿ ತೆಗೆದರೆ ಜನ ಎಲೆ ಬಿಟ್ಟು ಎದ್ದು ಬರುತ್ತಾರೆ. ಕುಷ್ಟಗಿಯಲ್ಲಿ ಬಸ್‌ಸ್ಟ್ಯಾಂಡಿನ ಅನೌನ್ಸ್‌ಮೆಂಟು, ಯಲಬುರ್ಗಾದಲ್ಲಿ ‘ನಾಳಿ ಬರ್ರಿ’ ಎನ್ನುವ ಕಾರಕೂನ, ಇರಕಲ್ಲಗಡದಲ್ಲಿ ಸಂತೆಯ ಬಳೆಗಾರ, ಹೀಗೆ ಒಂದೊಂದು ಊರಿಗೆ ಒಂದೊಂದು ದನಿ. ಈ ಕಸುಬಿನಿಂದ ನನಗೆ ಹೆಸರು ಬಂದಿದೆ, ಜೊತೆಗೊಂದು ಶಾಪವೂ ಬಂದಿದೆ. ನಾನು ನಿಜ ಹೇಳಿದರೂ ಜನ ‘ಇದು ಯಾರ ದನಿ’ ಎಂದು ಕೇಳುತ್ತಾರೆ. ಒಮ್ಮೆ ಮನೆಯೊಳಗೆ ಹಾವು ಬಂದಿದೆ ಎಂದು ಕಿರುಚಿದಾಗ ಪಕ್ಕದ ಮನೆಯವರು ಚಪ್ಪಾಳೆ ತಟ್ಟಿದರು. ಹಾವು ಅದಕ್ಕೆ ಹೆದರಿ ಹೋಯಿತು ಅನ್ನುವುದು ಬೇರೆ ಮಾತು.

ನಮ್ಮೂರು ಕುಷ್ಟಗಿ, ಯಲಬುರ್ಗಾ ಎರಡರ ನಡುವೆ ಒಂದು ಹಳ್ಳದ ದಂಡೆಗೆ ಇದೆ. ಹಳ್ಳ ಎಂದರೆ ಮಳೆಗಾಲದಲ್ಲಿ ಒಂದಷ್ಟು ದಿನ ಕೆಂಪು ನೀರು ತಂದು ಬಸ್ಸು ನಿಲ್ಲಿಸಿ, ಉಳಿದ ಕಾಲವೆಲ್ಲ ಮರಳು ಹೊದ್ದು ಮಲಗುವ ನನ್ನಂಥ ಪ್ರಾಣಿ. ಆದರೆ ಮರಳಿನ ಕೆಳಗೆ ನೀರಿದೆ. ಮೊಣಕಾಲುದ್ದ ಗುಂಡಿ ತೋಡಿ ಕೂತರೆ ಸುತ್ತಲಿಂದ ತಿಳಿನೀರು ಜಿನುಗಿ ತುಂಬುತ್ತದೆ. ಅದಕ್ಕೆ ನಾವು ವರ್ತಿ ಅನ್ನುತ್ತೇವೆ. ಬೆಳಿಗ್ಗೆ ಹೋಗಿ ರಾತ್ರಿಯ ಹಳೆ ನೀರನ್ನು ಚರಗಿಯಿಂದ ಗೋರಿ ಚೆಲ್ಲಬೇಕು, ಹೊಸ ನೀರು ತಿಳಿಯಾಗುವ ತನಕ ಕಾಯಬೇಕು, ಕೊಡ ತುಂಬಿಸಿಕೊಂಡ ಮೇಲೆ ಆಡು ಬಾಯಿ ಹಾಕದಂತೆ ಜಾಲಿ ಮುಳ್ಳು ಮುಚ್ಚಿ ಬರಬೇಕು. ಒಂದೊಂದು ಮನೆಗೆ ಒಂದೊಂದು ವರ್ತಿ. ಯಾರದ್ದು ಯಾವುದು ಎಂಬುದಕ್ಕೆ ಯಾವ ಕಾಗದವೂ ಇಲ್ಲ. ಆದರೆ ತಪ್ಪಿ ಬೇರೆಯವರ ವರ್ತಿಗೆ ಕೊಡ ಇಟ್ಟರೆ ಆಗುವ ಜಗಳಕ್ಕೆ ಕೋರ್ಟು ಸಾಲದು.

ಊರಿನಲ್ಲಿ ಬೋರಿನ ನೀರು ಇಲ್ಲವೆಂದಲ್ಲ. ಇದೆ, ಸವಳು. ಅದರಲ್ಲಿ ತೊಗರಿ ಬೇಳೆ ಇಟ್ಟರೆ ಸಂಜೆಯ ತನಕ ಕುದಿದು, ಬೇಳೆ ಬೇಳೆಯಾಗಿಯೇ ಉಳಿಯುತ್ತದೆ. ಶುದ್ಧ ನೀರಿನ ಘಟಕವೂ ಇದೆ. ಅದು ಉದ್ಘಾಟನೆಯ ದಿನ ಬಹಳ ಶುದ್ಧವಾಗಿ ನಡೆಯಿತು. ಹಾಗಾಗಿ ಬೇಳೆಗೆ, ಚಹಾಕ್ಕೆ ವರ್ತಿಯ ನೀರೇ ಬೇಕು. ಅದರಲ್ಲೂ ನಮ್ಮ ಅವ್ವನಿಗೆ ಬೇಕೇ ಬೇಕು. ಅಪ್ಪ ತೀರಿಕೊಂಡ ಮೇಲೆ ಅವಳು ಊರಿನ ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಸೇರಿದ್ದಾಳೆ. ನನ್ನ ಮಿಮಿಕ್ರಿ ಸುಗ್ಗಿಯ ಮದುವೆಗಳಿಗೆ ಸೀಮಿತವಾದ್ದರಿಂದ ವರ್ಷದ ಬಹುಪಾಲು ಮನೆ ನಡೆಯುವುದು ಅವಳ ಸೌಟಿನಿಂದಲೇ.

ಹಳ್ಳಕ್ಕೆ ಸೇತುವೆ ಕಟ್ಟಲು ಕಂಪನಿಯವರು ಬಂದಾಗ ಊರೆಲ್ಲ ಹಿಗ್ಗಿತು. ಇನ್ನು ಮೇಲೆ ಮಳೆ ಬಂದರೂ ಬಸ್ಸು ನಿಲ್ಲುವುದಿಲ್ಲ ಎಂದು ಹಿರಿಯರು, ಮಳೆ ಬಂದರೂ ಶಾಲೆಗೆ ಹೋಗಬೇಕಾಗುತ್ತದೆ ಎಂದು ಹುಡುಗರು ಅವರವರ ಭಾವಕ್ಕೆ ತಕ್ಕಂತೆ ಮಾತಾಡಿಕೊಂಡರು. ಕಂಪನಿಯ ಎಂಜಿನಿಯರ್ ಬೆಂಗಳೂರಿನ ಕಡೆಯವರು, ಮೆತ್ತಗಿನ ಮನುಷ್ಯ. ಏನು ಕೇಳಿದರೂ ಕಣ್ಣು ಅರೆಮುಚ್ಚಿ ‘ಪ್ರೊಸೀಜರ್ ಪ್ರಕಾರ ಮಾಡೋಣ’ ಅನ್ನುತ್ತಿದ್ದರು. ಆ ದನಿಯನ್ನು ಅವರು ಬಂದ ವಾರದಲ್ಲೇ ನಾನು ಕದ್ದೆ.

ಪ್ರೊಸೀಜರ್ ಹೀಗಿತ್ತು. ದಿನವೆಲ್ಲ ಕಾಂಕ್ರೀಟು ತಂದು ಸುರಿದ ಮಿಕ್ಸರ್ ಲಾರಿಗಳು ಸಂಜೆ ಹಳ್ಳಕ್ಕಿಳಿಯುತ್ತಿದ್ದವು. ಟ್ಯಾಂಕರಿನ ನೀರು ಹೊಟ್ಟೆಗೆ ಬಿಟ್ಟುಕೊಂಡು ಗರಗರ ತಿರುಗಿ, ಬೂದಿ ಬಣ್ಣದ ಗಂಜಿಯನ್ನು ಮರಳಿಗೆ ಉಗುಳಿ, ಹಗುರಾಗಿ ದಂಡೆ ಹತ್ತುತ್ತಿದ್ದವು. ಅವು ನಿಲ್ಲುವ ಜಾಗಕ್ಕೂ ನಮ್ಮ ವರ್ತಿಗಳಿಗೂ ನಡುವೆ ಒಂದು ಕೂಗಿನಷ್ಟು ದೂರ. ಅಲ್ಲೇ ಕಂಪನಿ ಒಂದು ಬೋರ್ಡು ನೆಟ್ಟಿತ್ತು: ‘ನೀರು ಅಮೂಲ್ಯ, ಮಲಿನ ಮಾಡಬೇಡಿ’. ಲಾರಿ ತೊಳೆದ ನೀರು ಸಿಡಿದು ಸಿಡಿದು ಬೋರ್ಡಿನ ಮೇಲೆ ಸಿಮೆಂಟು ಹತ್ತಿ, ಕೊನೆಗೆ ‘ಮಾಡಬೇಡಿ’ ಎಂಬ ಒಂದು ಮಾತು ಉಳಿಯಿತು. ಏನು ಮಾಡಬಾರದು ಎಂಬುದು ಓದುವವರ ಕಲ್ಪನೆಗೆ ಬಿಟ್ಟದ್ದು.

ಪರಿಸರ ದಿನಾಚರಣೆಗೆ ಕಂಪನಿಯವರು ನನ್ನನ್ನೇ ಕರೆಸಿದರು. ಶಾಮಿಯಾನ, ಸಸಿ, ಹಸಿರು ಟೋಪಿ, ಆಮೇಲೆ ನಾನು. ಕಪ್ಪೆ, ಟಿಟ್ಟಿಭ, ಮೊದಲ ಮಳೆಯ ಹನಿ ಎಲ್ಲ ಮಾಡಿದೆ. ಹಳ್ಳ ಹರಿಯುವ ಸದ್ದು ತೆಗೆಯುತ್ತಿದ್ದಾಗ ಶಾಮಿಯಾನದ ಹಿಂದೆ ಒಂದು ಲಾರಿ ಹೊಟ್ಟೆ ತೊಳೆದುಕೊಳ್ಳತೊಡಗಿತು. ಜನ ಅದನ್ನೂ ನಾನೇ ಮಾಡುತ್ತಿದ್ದೇನೆಂದು ತಿಳಿದು ಇನ್ನೂ ಜೋರಾಗಿ ಚಪ್ಪಾಳೆ ಹೊಡೆದರು. ನಾನು ಕೈಮುಗಿದು ಆ ಚಪ್ಪಾಳೆಯನ್ನೂ ಜೇಬಿಗೆ ಹಾಕಿಕೊಂಡೆ. ಶಾಲು ಹೊದಿಸಿದರು. ಆ ಶಾಲು ಈಗ ನಮ್ಮ ಮನೆಯಲ್ಲಿ ರೊಟ್ಟಿ ಬುಟ್ಟಿಗೆ ಮುಚ್ಚಲು ಬಳಕೆಯಲ್ಲಿದೆ.

ಮುಂದಿನ ವಾರ ಅವ್ವನ ಬೇಳೆ ಕೆಂಪಾಯಿತು.

ಶಾಲೆಯ ಒಲೆಯ ಮೇಲೆ ಬೇಳೆಯ ಪಾತ್ರೆಗೆ ಎಂದಿನಂತೆ ಅರಿಶಿಣ ಹಾಕಿದ್ದಾಳೆ. ಹಳದಿಯಾಗಬೇಕಾದದ್ದು ಇಟ್ಟಿಗೆಯ ಬಣ್ಣಕ್ಕೆ ತಿರುಗಿದೆ. ಹುಣಸೆ ಹುಳಿ ಹಿಂಡಿದ ಮೇಲೆ ಮತ್ತೆ ಅರ್ಧಂಬರ್ಧ ಹಳದಿಗೆ ಬಂತಂತೆ, ಆದರೆ ಬಾಯಿಗಿಟ್ಟರೆ ಸೋಪು ನೆಕ್ಕಿದ ಹಾಗೆ. ಹುಡುಗರು ಅದಕ್ಕೆ ಆ ದಿನವೇ ‘ಇಟ್ಟಂಗಿ ಸಾರು’ ಎಂದು ಹೆಸರಿಟ್ಟರು. ಮೊದಲ ದಿನ ಅವ್ವ ಅರಿಶಿಣದ ಅಂಗಡಿಯವನನ್ನು ಬೈದಳು. ಎರಡನೆಯ ಸಲ ಮನೆಯಲ್ಲಿ ಕುಟ್ಟಿದ ಅರಿಶಿಣ ಒಯ್ದಳು, ಅದೂ ಕೆಂಪಾಯಿತು. ಪಾತ್ರೆಯನ್ನು ಬೂದಿ ಹಾಕಿ ತಿಕ್ಕಿದಳು, ಒಲೆ ಬದಲಿಸಿದಳು. ಬೋರಿನ ನೀರಿನಲ್ಲಿ ಬೇಯಿಸಿದರೆ ಬೇಳೆ ಹಳದಿಯೇನೋ ಇತ್ತು, ಆದರೆ ಹುಡುಗರು ಅದನ್ನು ಗೋಲಿಯಂತೆ ಒಬ್ಬರಿಗೊಬ್ಬರು ಎಸೆದು ಆಡಿದರು.

ಹೆಡ್‌ಮಾಸ್ತರರು ತಮ್ಮನ್ನು ತಾವು ‘ನಾವು’ ಎಂದು ಕರೆದುಕೊಳ್ಳುವವರು. ಮಾತಿಗೆ ಮುಂಚೆ ಮೂರು ನಮೂನೆ ಗಂಟಲು ಸರಿಮಾಡಿಕೊಳ್ಳುತ್ತಾರೆ. ನಾನು ಅವರ ದನಿ ಮಾಡುವಾಗ ಅರ್ಧ ಸಮಯ ಅದಕ್ಕೇ ಬೇಕು. ಅವರು ಅವ್ವನನ್ನು ಕರೆಸಿ, ಪಾತ್ರೆ ತೊಳೆಯುವ ಸೋಡಾ ಪುಡಿ ಬೇಳೆಗೆ ಬೀಳುತ್ತಿದೆ, ಕೈ ಶುದ್ಧವಿಲ್ಲದವರು ಮಕ್ಕಳ ಅಡುಗೆ ಮಾಡಬಾರದು, ತಿಂಗಳ ಕೊನೆಯೊಳಗೆ ಸರಿಹೋಗದಿದ್ದರೆ ನಾವು ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದರು. ಬೇರೆಯವರು ಎಂದರೆ ಯಾರು ಎಂಬುದೂ ಊರಿಗೆ ಗೊತ್ತಿತ್ತು, ಮಾಸ್ತರರ ಮನೆಯಲ್ಲಿ ಬಾಡಿಗೆಗಿದ್ದವರ ಸಂಬಂಧಿ. ಅವ್ವ ಮನೆಗೆ ಬಂದು ಕೈ ತೋರಿಸಿದಳು. ವರ್ತಿ ಗೋರಿ ಗೋರಿ ಬೆರಳ ಸಂದಿಯ ಚರ್ಮ ಬಿರಿದು, ಸುಣ್ಣ ಬಳಿದವರ ಕೈಯಂತಾಗಿತ್ತು.

“ಹದಿನೈದು ಊರಿನ ದನಿ ಮಾಡ್ತಿ,” ಎಂದಳು. “ಒಂದು ಸಲ ನಿನ್ನ ದನಿಲೇ ಹೋಗಿ ಆ ಲಾರಿಯವರಿಗೆ ಹೇಳಿ ಬಾ.”

ಸುಣ್ಣ ಬಳಿದ ಕೈಯಂತೆ ಎಂದು ನನಗೆ ಬರೀ ಅನ್ನಿಸಿತ್ತು, ಅದು ಸುಣ್ಣವೇ ಎಂದು ಅವಳಿಗೆ ಹಿಂದಿನ ದಿನವೇ ಗೊತ್ತಾಗಿತ್ತು. ಅರಿಶಿಣ ಕೆಂಪಾಗುವುದು ಸುಣ್ಣ ಬಿದ್ದರೆ. ಆರತಿ ತಟ್ಟೆಗೆ ಕೆಂಪು ನೀರು ಕಲಸುವ ಯಾವ ಹೆಂಗಸಿಗೂ ಅದು ಗೊತ್ತು. ವರ್ತಿಗೆ ಸುಣ್ಣ ಹಾಕಿದವರು ಯಾರು ಎಂದು ಮೇಲಕ್ಕೆ ನಡೆದುಹೋದವಳಿಗೆ ಲಾರಿಗಳು ಉಗುಳಿದ ಗಂಜಿ ಮರಳಿನ ಮೇಲೆ ಹಪ್ಪಳದಂತೆ ಹೆಪ್ಪುಗಟ್ಟಿದ ಬಿಳಿ ಪದರ ಕಂಡಿತ್ತು. ಸಿಮೆಂಟಿನೊಳಗೆ ಇರುವುದೂ ಸುಣ್ಣವೇ.

ನಾನು ನನ್ನ ದನಿಯಲ್ಲೇ ಹೋದೆ. ಎಂಜಿನಿಯರ್ ಕುರ್ಚಿ ಹಾಕಿಸಿ, ಚಹಾ ತರಿಸಿ, ಪೂರ್ತಿ ಕೇಳಿಸಿಕೊಂಡರು. ಲಾರಿ ತೊಳೆಯಲು ನಕ್ಷೆಯಲ್ಲಿ ಬೇರೆ ಗುಂಡಿಯೇ ಇದೆ, ದಂಡೆಯ ಮೇಲೆ, ತಾಡಪತ್ರಿ ಹಾಸಿದ್ದು, ನೀರು ಅಲ್ಲೇ ನಿಂತು ಸಿಮೆಂಟು ಕೆಳಗಿಳಿಯಬೇಕು, ಹಳ್ಳಕ್ಕೆ ಬರಲೇಬಾರದು ಎಂದು ಅವರೇ ನನಗೆ ವಿವರಿಸಿದರು. ಗುಂಡಿ ಎಲ್ಲಿ ಎಂದೆ. ನಕ್ಷೆಯಲ್ಲಿ ಎಂದರು. ಅಲ್ಲದೆ ಇಷ್ಟು ದೊಡ್ಡ ಹಳ್ಳ, ನಮ್ಮದು ನಾಲ್ಕು ಬಕೆಟ್ ನೀರು, ಹರಿಯುವ ನೀರಿನಲ್ಲಿ ಬೆರೆತು ತೆಳುವಾಗಿ ಹೋಗುತ್ತೆ ಎಂದರು.

“ಸರ್, ಈಗ ಹಳ್ಳದಾಗ ಹರಿಯೋದು ನಿಮ್ಮ ನೀರು ಒಂದ ಐತ್ರಿ,” ಎಂದೆ.

ಅವರು ನಕ್ಕು, ‘ನೀವು ಭಾಳ ಚೆನ್ನಾಗಿ ಮಾತಾಡ್ತೀರ’ ಎಂದು ನಮ್ಮ ಭಾಷೆಯನ್ನು ಅರ್ಧ ಅನುಕರಿಸಿದರು. ಕಸುಬಿನವನಾಗಿ ಹೇಳುತ್ತೇನೆ, ಕೆಟ್ಟದಾಗಿ ಅನುಕರಿಸಿದರು.

ಕೊಪ್ಪಳದ ಮಾಲಿನ್ಯ ನಿಯಂತ್ರಣ ಕಚೇರಿಗೆ ಫೋನು ಮಾಡಿದೆ. ಎತ್ತಿದವರು ನನ್ನ ಹೆಸರು ಕೇಳಿದ ಕೂಡಲೇ ‘ಅಣ್ಣಾ, ನಮ್ಮ ಸಾಹೇಬರ ದನಿ ಒಂದ್ಸಲ ಮಾಡಿ’ ಅಂದರು. ಮಾಡಿದೆ. ಪಕ್ಕದ ಟೇಬಲ್ಲಿನವರಿಗೂ ಕೇಳಿಸಿದರು. ಅಂತೂ ದೂರು ದಾಖಲಾಯಿತು, ಸಾಹೇಬರು ಬರುವ ದಿನವೂ ಗೊತ್ತಾಯಿತು. ನನಗಿಂತ ಮೊದಲು ಕಂಪನಿಗೆ ಗೊತ್ತಾಯಿತು. ಅವತ್ತು ಬೆಳಿಗ್ಗೆ ದಂಡೆಯ ಮೇಲೆ ನಕ್ಷೆಯಲ್ಲಿದ್ದ ಗುಂಡಿ ಪ್ರತ್ಯಕ್ಷವಾಗಿತ್ತು. ನೀಲಿ ತಾಡಪತ್ರಿ, ಸುತ್ತ ಹಗ್ಗ, ಒಳಗೆ ಹೊಳೆಯುವ ನೀರು; ಮದುವೆಯ ಹಂದರಕ್ಕಿಂತ ಚಂದ. ಸಾಹೇಬರು ಗುಂಡಿಯ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬಾಟಲಿಯ ನೀರು ಕುಡಿದು ಹೋದರು. ಸಂಜೆ ಜೆಸಿಬಿ ಬಂದು ಗುಂಡಿ ಮುಚ್ಚಿತು. ಲಾರಿಗಳು ಮಾಮೂಲಿಯಂತೆ ಹಳ್ಳಕ್ಕಿಳಿದವು.

ಇನ್ನು ಊರಿನವರನ್ನಾದರೂ ಎಬ್ಬಿಸೋಣವೆಂದು ಕಟ್ಟೆಯ ಮೇಲೆ ನಿಂತು ಅರಿಶಿಣ, ಸುಣ್ಣ, ಸಿಮೆಂಟು ಎಲ್ಲ ಬಿಡಿಸಿ ಹೇಳಿದೆ. ಎಲ್ಲರೂ ಬಾಯಿ ತೆರೆದು ಕೇಳಿದರು. ಮುಗಿದ ಮೇಲೆ ಒಬ್ಬ ‘ಯಾರ ದನಿ ಇದು, ವಿಜ್ಞಾನದ ಮಾಸ್ತರರದ್ದಾ?’ ಎಂದ. ನನ್ನ ದೊಡ್ಡಪ್ಪನಂತೂ, ಬೇಳೆ ಕೆಂಪಾಗುವುದು ಮಾಡುವವರ ಕೈಗುಣ ಎಂದು ಅವ್ವನ ಕಡೆ ನೋಡದೆಯೇ ಹೇಳಿದ.

ದೊಡ್ಡಪ್ಪ ಎಂದರೆ ನಮ್ಮಪ್ಪನ ಅಣ್ಣ. ಮನೆತನದ ದೇವಿಯ ಪೂಜೆ ಅವನದು. ದನಿ ಎಣ್ಣೆ ಕಾಣದ ರಾಟೆಯಂತೆ, ಪ್ರತಿ ಮಾತಿನ ಕೊನೆಗೆ ಒಂದು ‘ಹ್ಞಾಂ’ ಎಂದು ಎಳೆಯುತ್ತಾನೆ. ಪೂಜೆಯ ನೀರನ್ನು ಅವನು ಮನೆಯ ನಲ್ಲಿಯಿಂದಲೇ ಹಿಡಿಯುತ್ತಿದ್ದ. ಒಂದು ಶುಕ್ರವಾರ ನಲ್ಲಿ ಬರಲಿಲ್ಲ. ಚರಗಿ ಹಿಡಿದು ವರ್ತಿಗೆ ಬಂದ, ದಂಡೆಯ ಮೇಲಿನ ಕಲ್ಲುದೇವಿಗೆ ಹಚ್ಚಲು ಅರಿಶಿಣ ಕಲಸಿದ. ಅಂಗೈಯಲ್ಲಿ ಅರಿಶಿಣ ಕೆಂಪಾಯಿತು.

ನಮ್ಮ ಒಲೆಯ ಮೇಲೆ ಅದು ಕೈಗುಣವಾಗಿತ್ತು. ದೊಡ್ಡಪ್ಪನ ಅಂಗೈಯಲ್ಲಿ ಅದೇ ಪವಾಡವಾಯಿತು. ದೇವಿ ತನ್ನ ಆರತಿಯನ್ನು ತಾನೇ ಕಲಸಿಕೊಂಡಳು ಎಂದು ಅವನು ಹಳ್ಳದಿಂದಲೇ ಕೂಗಿದ. ಮಧ್ಯಾಹ್ನದೊಳಗೆ ವರ್ತಿಯ ಸುತ್ತ ಕಲ್ಲು ಕೂತವು. ಸಂಜೆಗೆ ತೆಂಗಿನಕಾಯಿ ಬಂತು. ಮರುದಿನ ಯಲಬುರ್ಗಾದಿಂದ ಟಂಟಂ ಆಟೋಗಳಲ್ಲಿ ಹೆಂಗಸರು ಅರಿಶಿಣದ ಪೊಟ್ಟಣ ಹಿಡಿದು ಇಳಿದರು. ಎಲ್ಲರ ಬಟ್ಟಲಿನಲ್ಲೂ ಅರಿಶಿಣ ಕೆಂಪಾಯಿತು. ಭೇದಭಾವ ಮಾಡದ ದೇವಿ. ಆ ಪವಾಡ ನಡೆದದ್ದು ಯಾರ ವರ್ತಿಯಲ್ಲಿ ಎಂದು ಹೇಳಬೇಕಾಗಿಲ್ಲ. ಅವ್ವ ಬಳಿಗೆ ಹೋದರೆ ‘ಚಪ್ಪಲಿ ಬಿಟ್ಟು ಬಾ’ ಎಂದರು. ಅವಳು ಹುಟ್ಟಿದಾಗಿನಿಂದ ಹಳ್ಳಕ್ಕೆ ಚಪ್ಪಲಿ ಹಾಕಿಕೊಂಡು ಹೋದವಳೇ ಅಲ್ಲ.

ದೊಡ್ಡಪ್ಪ ನನ್ನನ್ನು ಮೈಕಿಗೆ ನಿಲ್ಲಲು ಕರೆದ. ನಾನು ಸಿಟ್ಟಿನಲ್ಲಿದ್ದೆ. ಮೈಕು ಕೈಗೆ ಬಂದದ್ದೇ ಸುಣ್ಣದ ವಿಷಯ ಊದಿಬಿಡುತ್ತೇನೆ ಎಂದು ಮನೆಯಲ್ಲಿ ಹಾರಾಡಿದೆ. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಲಿಲ್ಲ.

“ಬಾಯಿ ಮುಚ್ಚಿಕೊಂಡು ಅನೌನ್ಸ್ ಮಾಡು,” ಎಂದಳು. “ನೀ ಹೇಳಿದ್ರ ಕೇಳಲಿಲ್ಲ, ಸಾಹೇಬ ಬಂದ್ರ ಕೇಳಲಿಲ್ಲ. ಈಗ ದೇವಿ ಹೇಳಾಕತ್ತಾಳ. ಲಾರಿಯವ್ರು ಏನ ಮಾಡ್ತಾರ ನೋಡೂನು.”

ಬಾಯಿ ಮುಚ್ಚಿಕೊಂಡು ಅನೌನ್ಸ್ ಮಾಡುವುದು ಹೇಗೆ ಎಂದು ಕೇಳುವ ಧೈರ್ಯ ಆಗಲಿಲ್ಲ. ಕಸದ ಗಾಡಿಯ ದನಿಯಲ್ಲೇ ‘ಭಕ್ತರು ಸಾಲಿನಲ್ಲಿ ಬನ್ನಿ, ಹಣ್ಣುಕಾಯಿ ಬೇರೆ ಇಡಿ, ಪ್ಲಾಸ್ಟಿಕ್ ಚೀಲ ಬೇರೆ ಇಡಿ’ ಎಂದು ಹೇಳಿದೆ. ಒಬ್ಬ ಮುದುಕಿ ಪ್ರಸಾದದ ಸಿಪ್ಪೆಯನ್ನು ತಂದು ನನ್ನ ಕೈಗೇ ಕೊಟ್ಟು ಹೋದಳು.

ಅವ್ವನ ಲೆಕ್ಕ ಸರಿಯಾಯಿತು. ಮೊದಲು ಹಿಂಜರಿದವರು ಲಾರಿ ಡ್ರೈವರುಗಳು. ದೇವಿಯ ತಲೆಯ ಮೇಲೆ ಗಲೀಜು ನೀರು ಬಿಟ್ಟು ಘಾಟಿನಲ್ಲಿ ಬ್ರೇಕು ಹೋದರೆ ಯಾರು ಹೊಣೆ ಎಂದು ಅವರು ಹಳ್ಳಕ್ಕಿಳಿಯಲು ಒಪ್ಪಲಿಲ್ಲ. ಒಬ್ಬ ಡ್ರೈವರಂತೂ ಬಾನೆಟ್ಟಿಗೆ ಕುಂಕುಮ ಹಚ್ಚಿಸಿಕೊಂಡು, ತಪ್ಪಾತು ತಾಯಿ ಎಂದು ಅಡ್ಡ ಬಿದ್ದ. ಕಾಯಿ ಒಡೆಯುವ ಜನ ಲಾರಿಯ ದಾರಿಯಲ್ಲೇ ಕೂತರು. ಎಂಜಿನಿಯರ್ ಎರಡು ದಿನ ನೋಡಿ, ಮೂರನೆಯ ದಿನ ಜೆಸಿಬಿ ಕರೆಸಿ ದಂಡೆಯ ಮೇಲೆ ಗುಂಡಿ ತೆಗೆಸಿದರು. ಈ ಸಲ ನಿಜವಾದ ಗುಂಡಿ. ಅಂಚಿಗೆ ಮಣ್ಣಿನ ಕಟ್ಟೆ, ಒಳಗೆ ದಪ್ಪನೆಯ ತಾಡಪತ್ರಿ. ಲಾರಿಗಳು ಅಲ್ಲೇ ಹೊಟ್ಟೆ ತೊಳೆದುಕೊಂಡವು; ತಿಳಿಯಾದ ನೀರನ್ನೇ ಮತ್ತೆ ಪೈಪಿನಿಂದ ಎತ್ತಿ ಮರುದಿನದ ತೊಳೆಯುವಿಕೆಗೆ ಬಳಸಿದರು. ಟ್ಯಾಂಕರಿನ ಖರ್ಚು ಉಳಿಯಿತಂತೆ. ಕಾನೂನು ಕಲಿಸದ ಲಾಭವನ್ನು ದೇವಿ ಕಲಿಸಿದಳು.

ಲಾರಿ ಹಳ್ಳ ಬಿಟ್ಟಿತು, ಆದರೆ ಹಳೆಯ ಸುಣ್ಣ ಮರಳಿನಲ್ಲಿ ಇನ್ನೂ ಇತ್ತು. ದೇವಿಯ ವರ್ತಿಯನ್ನು ದಿನಾ ಸಾವಿರಾರು ಬಟ್ಟಲು ಗೋರಿ ಖಾಲಿ ಮಾಡುತ್ತಿದ್ದವು, ಹೊಸ ನೀರು ಜಿನುಗುತ್ತಿತ್ತು. ಇಷ್ಟು ಚೊಕ್ಕವಾಗಿ ವರ್ತಿ ತೊಳೆಯಲು ಕೂಲಿ ಕೊಟ್ಟರೂ ಜನ ಸಿಗುತ್ತಿರಲಿಲ್ಲ. ದಿನ ಕಳೆದಂತೆ ಕೆಂಪು ಮಸುಕಾಯಿತು. ಕೇಸರಿಯಾಯಿತು, ಕಿತ್ತಳೆಯಾಯಿತು. ಒಂದು ಮಂಗಳವಾರ ಇರಕಲ್ಲಗಡದಿಂದ ಬಂದ ಒಬ್ಬಾಕೆಯ ಬಟ್ಟಲಿನಲ್ಲಿ ಅರಿಶಿಣ ಬರೀ ಅರಿಶಿಣವಾಗಿಯೇ ಉಳಿಯಿತು. ಆಕೆ ಅಳತೊಡಗಿದಳು. ತನ್ನಲ್ಲಿ ಏನೋ ದೋಷವಿದೆ ಎಂದುಕೊಂಡಳು. ಹಿಂದೆ ನಿಂತವಳದ್ದೂ ಹಳದಿಯೇ. ಸಾಲಿನಲ್ಲಿ ಗುಸುಗುಸು ಎದ್ದಿತು: ದೇವಿ ಮುನಿಸಿಕೊಂಡಿದ್ದಾಳೆ.

ದೊಡ್ಡಪ್ಪನ ಮುಖ ನೋಡಬೇಕಿತ್ತು. ಅವನು ಮೋಸಗಾರನಲ್ಲ, ನಿಜವಾಗಿ ನಂಬಿದ್ದವನು. ಆದರೆ ನಂಬಿಕೆಯ ಮೂಲ ಎಲ್ಲೋ ಮೇಲೆ, ಲಾರಿ ನಿಲ್ಲುವ ಜಾಗದಲ್ಲಿದೆ ಎಂದು ಒಳಗೊಳಗೆ ಅವನಿಗೂ ಹೊಳೆದಿರಬೇಕು. ಯಾಕೆಂದರೆ ಅವನು ಹೋದದ್ದು ಜೋಯಿಸರ ಹತ್ತಿರ ಅಲ್ಲ, ಎಂಜಿನಿಯರ ಹತ್ತಿರ. ಆಚೆಯವರ ಮಾತು ಈಚೆಯವರಿಗೆ ತಿಳಿಸಲಿ ಎಂದು ನನ್ನನ್ನೂ ಎಳೆದುಕೊಂಡು ಹೋದ.

“ಸಾಹೇಬ್ರ,” ಎಂದ, “ದಿನಾ ಬ್ಯಾಡ್ರಿ. ಮಂಗಳವಾರ ಒಂದು, ಶುಕ್ರವಾರ ಒಂದು. ಒಂದ ಲಾರಿ. ಮೊದಲಿನ ಜಾಗದಾಗ ಸ್ವಲ್ಪ ತೊಳಿಸಿಬಿಡ್ರಿ. ಹ್ಞಾಂ.”

ಎಂಜಿನಿಯರ್ ನನ್ನತ್ತ ನೋಡಿದರು. ನಾನು ಅನುವಾದಿಸಲಿಲ್ಲ, ಅದು ಅವರಿಗೆ ಚೆನ್ನಾಗಿಯೇ ಅರ್ಥವಾಗಿತ್ತು. ಹಳ್ಳ ಹಾಳು ಮಾಡಬೇಡಿ ಎಂದು ಬಂದವರನ್ನು ಕಂಡಿದ್ದರು. ದಯವಿಟ್ಟು ಮಾಡಿ ಎಂದು ಕೈಮುಗಿದು ಬಂದವನು ಅವರ ನೌಕರಿಯಲ್ಲೇ ಮೊದಲಿಗನಿರಬೇಕು. ನನಗೆ ಭಯವಾದದ್ದು ಅವರು ‘ಇಲ್ಲ’ ಅನ್ನದೆ ಇದ್ದುದಕ್ಕೆ. ಕಣ್ಣು ಅರೆಮುಚ್ಚಿದರು. ಊರವರ ಭಾವನೆ, ಲೋಕಲ್ ಸಪೋರ್ಟು, ವಾರಕ್ಕೆ ಎರಡೇ ಅಂದರೆ, ನೋಡೋಣ ಎಂದು ಶುರುಮಾಡಿದರು. ಗುಂಡಿಯ ಹತ್ತಿರ ಲಾರಿಗಳು ಸಾಲು ನಿಲ್ಲುವುದು ಅವರಿಗೂ ತಲೆನೋವಾಗಿತ್ತು.

ತಿಂಗಳ ಕೊನೆ ಹತ್ತಿರವಿತ್ತು. ನಾನು ಮನೆಗೆ ಓಡಿ ಅವ್ವನಿಗೆ ಎಲ್ಲ ಹೇಳಿದೆ, ದೊಡ್ಡಪ್ಪನ ದನಿ, ಎಂಜಿನಿಯರ್ ದನಿ ಎರಡರಲ್ಲೂ. ಅವಳು ನಗಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ ಖಾಲಿ ಕೊಡ ಎತ್ತಿಕೊಂಡಳು.

ನಾವು ಹಳ್ಳಕ್ಕೆ ಹೋದಾಗ ಮುನಿದ ದೇವಿಯನ್ನು ಒಲಿಸಲು ದೊಡ್ಡಪ್ಪ ಕೂತಿದ್ದ, ಸುತ್ತ ಜನ. ಎಂಜಿನಿಯರ್ ಕೂಡ ಲೋಕಲ್ ಸಪೋರ್ಟಿಗಾಗಿ ಬೂಟು ಬಿಚ್ಚಿ ಮರಳಿನಲ್ಲಿ ನಿಂತಿದ್ದರು, ಕಾಲು ಸುಡುತ್ತಿದ್ದುದರಿಂದ ಒಂದೊಂದೇ ಪಾದ ಎತ್ತುತ್ತಾ. ಅವ್ವ ನೇರ ಹೋಗಿ ವರ್ತಿಯ ಪಕ್ಕ ಕೊಡ ಇಟ್ಟಳು.

“ಭಾವಾರ, ಒಂದು ಮಾತು ಕೇಳ್ತೀನ್ರಿ. ಹೊಸ ಸೊಸಿ ಮನಿಗೆ ಬಂದ್ಲು ಅಂದ್ರ ಕೆಂಪು ನೀರಿಲೆ ನೆದರ ತೆಗಿತೀವಿ. ಆ ನೀರು ಏನ ಮಾಡ್ತೀವ್ರಿ?”

ದೊಡ್ಡಪ್ಪ ತಬ್ಬಿಬ್ಬಾಗಿ, ಮೂರು ದಾರಿ ಕೂಡಿದಲ್ಲಿ ಚೆಲ್ಲುತ್ತೀವಿ ಎಂದ.

“ಯಾರರ ಕುಡಿತಾರೇನ್ರಿ?”

ಬಟ್ಟಲು ಹಿಡಿದು ನಿಂತಿದ್ದ ಕೆಲವು ಹೆಂಗಸರು ಬಟ್ಟಲನ್ನು ಸ್ವಲ್ಪ ದೂರ ಹಿಡಿದರು. ಕೆಂಪಾರತಿಯ ನೀರು ಮನೆಯ ದೃಷ್ಟಿ ಹೊತ್ತುಕೊಂಡು ಹೋಗುವ ನೀರು. ಅದನ್ನು ತುಳಿಯುವುದೂ ಇಲ್ಲ ನಮ್ಮಲ್ಲಿ, ಪಕ್ಕಕ್ಕೆ ಸರಿದು ಹೋಗುತ್ತಾರೆ. ಅದನ್ನು ಇಷ್ಟು ದಿನ ತೀರ್ಥವೆಂದು ಬಾಯಿಗೆ ಹಾಕಿಕೊಂಡಿದ್ದು ಒಬ್ಬೊಬ್ಬರಿಗೇ ನೆನಪಾಗುತ್ತಿತ್ತು.

“ಊರಿಗೆ ನೆದರ ತಾಗಿತ್ತು, ದೇವಿ ಕೆಂಪು ನೀರಿಲೆ ನಿವಾಳಿಸಿ ತಗದ್ಲು,” ಎಂದಳು ಅವ್ವ. “ಈಗ ತಿಳಿ ಆಗ್ಯಾಳ. ತಗದಿದ್ದ ನೆದರ ಮತ್ತ ವಾರಕ್ಕ ಎರಡು ಸಲ ಲಾರಿಯಾಗ ಹೊತ್ತು ತರಸ್ತೀರೇನು?”

ಆ ಮಾತಿನಲ್ಲಿ ಸುಣ್ಣ ಇಲ್ಲ, ಸಿಮೆಂಟು ಇಲ್ಲ, ನಾನು ಕಟ್ಟೆಯ ಮೇಲೆ ನಿಂತು ಹೇಳಿದ ಒಂದು ಅಕ್ಷರವೂ ಇಲ್ಲ. ನಾನು ಕೆಲಸವಿಲ್ಲದ ಮೈಕು ಹಿಡಿದು ನಿಂತಿದ್ದೆ. ಜನ ಎಂಜಿನಿಯರ ಕಡೆ ತಿರುಗಿದರು, ಲಾರಿಯಲ್ಲಿ ದೃಷ್ಟಿ ಹೊತ್ತು ತರುವವನನ್ನು ನೋಡುವ ಹಾಗೆ. ಅವರು ಎತ್ತಿದ ಪಾದವನ್ನು ಇಳಿಸುವುದನ್ನು ಮರೆತು, ಇಲ್ಲ ಇಲ್ಲ, ಗುಂಡಿಯೇ ಪ್ರೊಸೀಜರ್, ಮೊದಲಿನಿಂದಲೂ ನಮ್ಮದು ಗುಂಡಿಯೇ ಎಂದರು. ದೊಡ್ಡಪ್ಪ ಒಂದು ಕ್ಷಣ ನೆಲ ನೋಡಿದ. ಆಮೇಲೆ ತಲೆ ಎತ್ತಿ, ತಾನು ಹೇಳಬೇಕೆಂದಿದ್ದದ್ದೂ ಇದೇ, ಹೆಂಗಸು ಅವಸರ ಮಾಡಿ ಮೊದಲು ಹೇಳಿಬಿಟ್ಟಳು ಎಂದು ರಾಟೆಯ ದನಿಯಲ್ಲಿ ಸಾರಿದ. ಮರುದಿನ ಅವನೇ ಮುಂದಾಳಾಗಿ ನಿಂತು, ಲಾರಿ ಹಳ್ಳಕ್ಕಿಳಿಯುವ ದಾರಿಗೆ ಅಡ್ಡಲಾಗಿ ಕಲ್ಲು ಇಡಿಸಿದ. ಕಲ್ಲಿಗೆ ಅರಿಶಿಣ ಹಚ್ಚಿದ, ಹಳದಿಯೇ ಉಳಿಯಿತು, ಎಲ್ಲರಿಗೂ ನೆಮ್ಮದಿಯಾಯಿತು.

ಪವಾಡ ಮುಗಿದ ಮೇಲೆ ಟಂಟಂಗಳು ಬರುವುದು ನಿಂತಿತು. ಹಳ್ಳದಲ್ಲಿ ಉಳಿದದ್ದು ತೆಂಗಿನ ಚಿಪ್ಪು, ಊದುಬತ್ತಿಯ ಪೊಟ್ಟಣ, ಪ್ಲಾಸ್ಟಿಕ್ ಚೀಲ. ಕಂಪನಿ ಮಾಡಿದ ಹೊಲಸಿಗಿಂತ ಭಕ್ತರು ಮಾಡಿದ್ದು ಕಣ್ಣಿಗೆ ಹೆಚ್ಚು ಕಾಣುತ್ತಿತ್ತು. ಕಸದ ಗಾಡಿ ಹಳ್ಳದ ತನಕ ಬಂದು, ನನ್ನ ದನಿಯಲ್ಲಿ ನನಗೇ ಹಸಿ ಕಸ ಒಣ ಕಸ ಹೇಳುತ್ತಾ ನಿಂತಿತು. ಆರಿಸಿ ಹಾಕಿದವನು ನಾನು. ಅವ್ವ ದಂಡೆಯ ಮೇಲೆ ಕೂತು, ‘ಅಲ್ಲೊಂದು ಚಿಪ್ಪು ಬಿಟ್ಟಿ ನೋಡು’ ಎಂದು ಬೆರಳು ತೋರಿಸುತ್ತಿದ್ದಳು. ಮೇಲೆ ಲಾರಿ ನಿಲ್ಲುತ್ತಿದ್ದ ಜಾಗದಲ್ಲಿ ಬಿಳಿ ಹಪ್ಪಳ ಇನ್ನೂ ಅಲ್ಲಲ್ಲಿ ಇದೆ. ದೊಡ್ಡ ಮಳೆಗೆ ಅದು ಕೊಚ್ಚಿ ಹೋಗುತ್ತದೋ, ಇನ್ನೂ ಕೆಳಗಿನ ಊರಿನ ವರ್ತಿಗೆ ಹೋಗಿ ಕೂರುತ್ತದೋ ಗೊತ್ತಿಲ್ಲ. ಕೂತರೆ ಅಲ್ಲೊಂದು ಪವಾಡ ಆಗಬಹುದು.

ತಿಂಗಳ ಕೊನೆಯ ದಿನ ಅವ್ವನಿಗೆ ಕೊಡ ಹೊತ್ತುಕೊಡಲು ನಾನೂ ಶಾಲೆಗೆ ಹೋಗಿದ್ದೆ. ಬೇಳೆಯ ಪಾತ್ರೆಗೆ ಅವಳು ಅರಿಶಿಣ ಹಾಕುವಾಗ ನಾವಿಬ್ಬರೂ ಬಗ್ಗಿ ನೋಡಿದೆವು. ಹಳದಿ. ಸೌಟು ತಿರುಗಿಸಿದಳು, ಆಗಲೂ ಹಳದಿ. ಬೇಳೆ ಬೆಂದು ಒಡೆದು ಕೆನೆಯಾಯಿತು. ಹೆಡ್‌ಮಾಸ್ತರರು ರುಚಿ ನೋಡಲು ಬಂದು, ಒಂದು ಬಟ್ಟಲು ಕುಡಿದು, ಇನ್ನೊಂದು ಹಾಕಿಸಿಕೊಂಡು ಕುಡಿದರು. ಸೋಡಾ ಪುಡಿಯ ಮಾತು ಬರಲಿಲ್ಲ, ಬೇರೆಯವರನ್ನು ನೋಡಿಕೊಳ್ಳುವ ಮಾತೂ ಬರಲಿಲ್ಲ. ಗಂಟಲನ್ನು ಮೂರು ನಮೂನೆ ಸರಿಮಾಡಿಕೊಂಡು, ಉಪ್ಪು ಕೊಂಚ ಕಡಿಮೆ ಎಂದು ಹೇಳಿ ಹೋದರು.

ಅವ್ವ ಅವರು ಹೋದ ಬಾಗಿಲನ್ನೇ ಸ್ವಲ್ಪ ಹೊತ್ತು ನೋಡಿದಳು. ನನ್ನ ಮಿಮಿಕ್ರಿಯನ್ನು ಊರೆಲ್ಲ ಕೇಳಿ ಕರೆಸಿದ್ದುಂಟು, ಅವಳು ಒಮ್ಮೆಯೂ ‘ಮಾಡು’ ಎಂದು ಕೇಳಿದವಳಲ್ಲ.

“ಅವ್ರ ದನಿ ಮಾಡು ನೋಡೂನು,” ಎಂದಳು. “ಸಾರು ಛಲೋ ಆಗೈತಿ ಅಂತ ಹೇಳಸು.”

ನಾನು ಎದೆ ಉಬ್ಬಿಸಿ, ಮೂರು ನಮೂನೆ ಗಂಟಲು ಸರಿಮಾಡಿಕೊಂಡು, ನಾವು ತಿಳಿಯದೆ ನಿಮ್ಮ ಕೈಯನ್ನು ಅನುಮಾನಿಸಿದೆವು, ಸಾರು ಬಹಳ ಚೆನ್ನಾಗಿದೆ, ಇನ್ನು ಮುಂದೆಯೂ ನೀವೇ ಮಾಡಬೇಕು ಎಂದು ಅವರ ದನಿಯಲ್ಲಿ ಹೇಳಿದೆ. ಅವ್ವ ಬಿರಿದ ಬೆರಳುಗಳಿಂದ ಉಪ್ಪು ತೆಗೆದುಕೊಂಡು ಪಾತ್ರೆಗೆ ಉದುರಿಸಿ, ಸೌಟು ತಿರುಗಿಸುತ್ತಾ ಕೇಳಿಸಿಕೊಂಡಳು.

“ಹಂಗ ಅವ್ರು ಜನ್ಮದಾಗ ಹೇಳಂಗಿಲ್ಲ,” ಎಂದಳು. ಸೌಟನ್ನು ಪಾತ್ರೆಯ ಅಂಚಿಗೆ ಒರೆಸಿ, “ಇನ್ನೊಮ್ಮೆ ಮಾಡು.”